ಅಬ್ಬಿಯ ದಾರಿಯಲ್ಲೊಂದು ಸಿಳ್ಳೆ

ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನನ್ನು ಎರಡು ಅಭ್ಯಾಸಗಳು ನಿವೃತ್ತಿಯ ನಂತರವೂ ಬಿಡುವುದಿಲ್ಲ. ಕಂಡ ಕಂಡ ನಾಮಫಲಕಗಳ ಕಾಗುಣಿತದ ತಪ್ಪನ್ನು ಮನಸ್ಸಿನಲ್ಲೇ ಕೆಂಪು ಶಾಯಿಯಿಂದ ತಿದ್ದುವುದು ಒಂದು. ನಾಲ್ಕು ಜನ ಒಟ್ಟಿಗೆ ಹೊರಟರೆ ತಲೆ ಎಣಿಸುವುದು ಇನ್ನೊಂದು. ೨೦೨೪ರ ನವೆಂಬರಿನಲ್ಲಿ ಮಗಳು, ಅಳಿಯ ಮತ್ತು ಒಂಬತ್ತು ವರ್ಷದ ಮೊಮ್ಮಗಳೊಂದಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಹನುಮನಗುಂಡಿ ಜಲಪಾತಕ್ಕೆ ಹೋದಾಗಲೂ, ಕಾರಿನಿಂದ ಇಳಿದ ಕೂಡಲೇ ನನ್ನ ಬೆರಳು ತನ್ನಷ್ಟಕ್ಕೇ ಎಣಿಸತೊಡಗಿತು. ಇದ್ದದ್ದು ನನ್ನನ್ನೂ ಸೇರಿಸಿ ನಾಲ್ಕೇ ಜನ. ಮಗಳು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಇದೇ ಜಾಗದಲ್ಲಿ ೧೯೯೪ರ ಸೆಪ್ಟೆಂಬರಿನಲ್ಲಿ ನಾನು ಐವತ್ತಾರು ತಲೆಗಳನ್ನು ಎಣಿಸಿ ಕೆಳಗಿಳಿಸಿದ್ದೆ. ಸರಿಯಾಗಿ ಹೇಳಬೇಕೆಂದರೆ ಐವತ್ತೈದು. ಒಂದು ತಲೆಯನ್ನು ಮೇಲೆ ಬಸ್ಸಿನಲ್ಲಿಯೇ ಕೂರಿಸಿದ್ದೆ. ಆ ಒಂದರ ಕಥೆಗೆ ಆಮೇಲೆ ಬರುತ್ತೇನೆ.

ಹನುಮನಗುಂಡಿಯನ್ನು ನೋಡದವರಿಗಾಗಿ ನಾಲ್ಕು ಮಾತು. ಕಾರ್ಕಳದಿಂದ ಬಜಗೋಳಿ, ಮಾಳಗಳನ್ನು ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್ ಎಂಬ ಸ್ಥಳ ಸಿಗುತ್ತದೆ. ದಕ್ಷಿಣ ಕನ್ನಡವು ಸೌತ್ ಕೆನರಾ ಆಗಿದ್ದ ಕಾಲದ ಗಡಿ ಅದು. ಜಿಲ್ಲೆಯ ಹೆಸರು ಬದಲಾಯಿತು, ೧೯೯೭ರಲ್ಲಿ ಜಿಲ್ಲೆಯೇ ಒಡೆದು ಕಾರ್ಕಳವು ಉಡುಪಿಗೆ ಸೇರಿತು. ಆದರೂ ಜನರ ಬಾಯಲ್ಲಿ ಆ ಹಳೆಯ ಹೆಸರು ಹಾಗೆಯೇ ಉಳಿದಿದೆ. ಅಲ್ಲಿಂದ ಶೃಂಗೇರಿಯ ಕಡೆಗೊಂದು ದಾರಿ, ಕುದುರೆಮುಖ ಮತ್ತು ಕಳಸದ ಕಡೆಗೊಂದು ದಾರಿ. ಎರಡನೆಯದರಲ್ಲಿ ಮುಂದುವರಿದರೆ ರಸ್ತೆಯ ಪಕ್ಕದಲ್ಲೇ ಅರಣ್ಯ ಇಲಾಖೆಯವರು ಟಿಕೇಟು ಕೊಡುವ ಜಾಗ ಬರುತ್ತದೆ. ಅಲ್ಲಿಂದ ಕಾಡಿನ ನಡುವೆ ಮೆಟ್ಟಿಲುಗಳು ಇಳಿಯುತ್ತವೆ. ಈ ಜಲಪಾತಕ್ಕೆ ಸೂತನಬ್ಬಿ ಎಂಬ ಇನ್ನೊಂದು ಹೆಸರೂ ಉಂಟು. 'ಜಲಪಾತ' ನಾವು ಪುಸ್ತಕದಿಂದ ತಂದ ಪದ. ಮಲೆನಾಡಿನವರಿಗೆ ಅದು ಎಂದೆಂದೂ ಅಬ್ಬಿ. ನನಗಂತೂ ಅಬ್ಬಿ ಎಂಬ ಪದದಲ್ಲಿಯೇ ನೀರು ಬೀಳುವ ಸದ್ದು ಕೇಳಿಸುತ್ತದೆ.

ಗಟ್ಟಿಮುಟ್ಟಾದವರಿಗೆ ಇದು ಕಾಲು ಗಂಟೆಯ ಇಳಿಜಾರು. ಮೊಣಕಾಲಿನ ಚಿಪ್ಪು ಸವೆದ ನನ್ನಂಥವರಿಗೆ ಮುಕ್ಕಾಲು ಗಂಟೆ. ಮೆಟ್ಟಿಲುಗಳನ್ನು ಎಣಿಸಿಯೇ ಬಿಡೋಣವೆಂದು ಹೊರಟ ಮೊಮ್ಮಗಳು ನೂರೆಂಬತ್ತರ ಬಳಿಕ ಒಂದು ಸಹಸ್ರಪದಿಯನ್ನು ಕಂಡು ಲೆಕ್ಕ ತಪ್ಪಿಸಿಕೊಂಡಳು. ಅದು ಮುಟ್ಟಿದೊಡನೆ ಚಕ್ಕುಲಿಯಂತೆ ಸುರುಳಿಯಾಯಿತು. ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಕಾಯಬೇಕೆಂದು ಅವಳ ಹಟ. ಕಾದೆವು. ಅಷ್ಟರಲ್ಲಿ ಕಾಲೇಜು ಹುಡುಗರ ಗುಂಪೊಂದು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ದಡದಡನೆ ನಮ್ಮನ್ನು ದಾಟಿಹೋಯಿತು. ನಾವು ಅರ್ಧ ದಾರಿ ಇಳಿಯುವುದರೊಳಗೆ ಅವರು ನೀರು ನೋಡಿ, ಚಿತ್ರ ತೆಗೆಸಿಕೊಂಡು ಮೇಲಕ್ಕೆ ಬರುತ್ತಿದ್ದರು. ಅವರಲ್ಲೊಬ್ಬ, ಮುದುಕನೆಂಬ ಕನಿಕರದಿಂದಿರಬೇಕು, "ಅಂಕಲ್, ದಾರಿಯಲ್ಲಿ ಏನೂ ಇಲ್ಲ, ಕೆಳಗೆ ಹೋದ ಮೇಲೇ ನೋಡುವುದು" ಎಂದು ಧೈರ್ಯ ಹೇಳಿ ಹೋದ.

ದಾರಿಯಲ್ಲಿ ಏನೂ ಇಲ್ಲ! ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ಅವನಿಗೆ ಕಲಿಸಿದವರು ನಾವು, ಅಂದರೆ ಮೇಷ್ಟ್ರುಗಳು. ಶಾಲಾ ಪ್ರವಾಸದ ಬಸ್ಸಿನಿಂದ ಇಳಿಸಿ, "ಬೇಗ ಬೇಗ, ಸಾಲು ಬಿಡಬೇಡಿ, ಅಲ್ಲೇನು ನೋಡ್ತೀಯ, ಮುಂದೆ ನಡಿ" ಎಂದು ಅಟ್ಟಿಕೊಂಡು ಹೋಗಿ ಜಲಪಾತದ ಮುಂದೆ ನಿಲ್ಲಿಸುವವರು ನಾವು. ಈ ಪುಟ್ಟ ನಡಿಗೆಯಲ್ಲಿ ಪಾಠವಿರುವುದು ದಾರಿಯಲ್ಲಿ. ಕೊನೆಯಲ್ಲಿ ಬೀಳುವ ನೀರು ಆ ಪಾಠದ ಅಡಿಯಲ್ಲಿ ಎಳೆಯುವ ಗೆರೆ ಮಾತ್ರ. ಗೆರೆಯನ್ನಷ್ಟೇ ತೋರಿಸಿ ಮಕ್ಕಳನ್ನು ಹಿಂದಕ್ಕೆ ಕರೆತರುವ ಈ ಪದ್ಧತಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. ಹಾಗೆಯೇ, ದಾರಿಯನ್ನು ಇನ್ನಷ್ಟು ಸುಲಭವಾಗಿಸಿ, ಇನ್ನಷ್ಟು ಚಿಕ್ಕದಾಗಿಸಿ, ಕಡೆಗೆ ಇಲ್ಲವಾಗಿಸುವ 'ಅಭಿವೃದ್ಧಿ'ಯೂ ಬೇಡ.

ದಾರಿಯಲ್ಲಿ ಏನಿತ್ತೆಂದು ಹೇಳಬೇಕಲ್ಲ. ರಸ್ತೆಯಿಂದ ಇಳಿದ ಇಪ್ಪತ್ತು ಹೆಜ್ಜೆಗಳಲ್ಲಿ ಸೆಕೆ ಮಾಯವಾಯಿತು. ಬೆಳಕು ಹಸಿರಾಯಿತು. ಇದು ನಿತ್ಯಹರಿದ್ವರ್ಣದ ಮಳೆಕಾಡು. ಈ ಸೀಮೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವುದುಂಟು. ತಲೆಯ ಮೇಲೆ ಒಂದರ ಮೇಲೊಂದು ಚಪ್ಪರ. ಎಲ್ಲಕ್ಕೂ ಮೇಲೆ ಬಿಸಿಲು ಕುಡಿಯುವ ಮಹಾವೃಕ್ಷಗಳು, ಅವುಗಳ ನೆರಳಿನಲ್ಲಿ ಸರದಿ ಕಾಯುವ ನಡುವಯಸ್ಸಿನ ಮರಗಳು, ಅವುಗಳ ಕೆಳಗೆ ಬೈನೆ, ಬೆತ್ತ, ಜರಿಗಿಡ. ದೊಡ್ಡದೊಂದು ಮರದ ಬುಡದಿಂದ ಗೋಡೆಗಳಂತೆ ಹಬ್ಬಿದ ಬೇರುಗಳನ್ನು ಕಂಡು ಮೊಮ್ಮಗಳು ಅವುಗಳ ನಡುವೆ ಹೋಗಿ ನಿಂತಳು; ಅವಳ ಭುಜಕ್ಕೆ ಬರುತ್ತಿದ್ದವು. ಮರ ಅಷ್ಟು ಎತ್ತರ, ಬೇರು ಮಾತ್ರ ಆಳಕ್ಕೆ ಹೋಗುವುದಿಲ್ಲ. ಸಾರವೆಲ್ಲ ಮೇಲಿನ ಒಂದು ಗೇಣಿನಲ್ಲೇ ಇರುವಾಗ ಆಳಕ್ಕೆ ಹೋಗಿ ಏನು ಪ್ರಯೋಜನ? ಅಗಲಕ್ಕೆ ಹಬ್ಬಿ, ಆನಿಕೆ ಕೊಟ್ಟು ನಿಲ್ಲುತ್ತದೆ.

ಇಷ್ಟು ದಟ್ಟವಾದ ಕಾಡಿನ ನೆಲ ಬಹಳ ಫಲವತ್ತಾಗಿರಬೇಕೆಂದು ನಾನೇ ತರಗತಿಯಲ್ಲಿ ಹೇಳಿದ್ದುಂಟು. ಅದು ತಪ್ಪು ಎಂದು ತಿಳಿದದ್ದು ಬಹಳ ತಡವಾಗಿ. ಮಳೆಕಾಡಿನ ಸಂಪತ್ತು ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚಾಗಿ ಮರಗಳ ಮೈಯಲ್ಲಿರುತ್ತದೆ. ಬಿದ್ದ ಎಲೆಯನ್ನು ಶಿಲೀಂಧ್ರವೂ ಗೆದ್ದಲೂ ಹುಳುಗಳೂ ಸೇರಿ ಬೇಗನೆ ಕರಗಿಸುತ್ತವೆ, ಅದನ್ನು ಬೇರುಗಳು ಅಷ್ಟೇ ಬೇಗ ಎಳೆದುಕೊಳ್ಳುತ್ತವೆ. ಕೈಯಿಂದ ಬಾಯಿಗೆ ಬದುಕುವ ದೊಡ್ಡ ಕುಟುಂಬದಂತೆ. ಮರ ಹೋದರೆ ಉಳಿಯುವುದು ಮಳೆಗೆ ತೊಳೆದುಹೋಗುವ ಬಡ ಮಣ್ಣು. ನನ್ನ ಊರುಗೋಲಿನ ತುದಿಯಿಂದ ಎಲೆಗಳ ರಾಶಿಯನ್ನು ಸ್ವಲ್ಪ ಸರಿಸಿ ತೋರಿಸಿದೆ. ಮೇಲೆ ಒಣಗಿದ ಎಲೆ, ಅದರಡಿ ನರಗಳಷ್ಟೇ ಉಳಿದ ಎಲೆ, ಅದರಡಿ ಕಪ್ಪು ಪುಡಿ, ಬಿಳಿ ದಾರದಂಥ ಶಿಲೀಂಧ್ರ. "ಅಜ್ಜ, ಇದು ಒದ್ದೆ ಸ್ಪಂಜಿನ ಹಾಗಿದೆ" ಎಂದಳು. ಮಳೆಗಾಲದ ನೀರನ್ನು ಇಂಥ ನೆಲ ಕುಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಮಳೆ ನಿಂತು ವಾರಗಳಾದ ಮೇಲೂ ಕೆಳಗೆ ಅಬ್ಬಿ ಸದ್ದು ಮಾಡುತ್ತಿತ್ತು. ನೀರು ಮೇಲಿನಿಂದ ಬೀಳುತ್ತಿದೆ ಎನ್ನುವುದು ಕಣ್ಣಿಗೆ ಕಾಣುವ ಅರ್ಧ ಸತ್ಯ. ಅದು ನಮ್ಮ ಕಾಲ ಕೆಳಗಿನಿಂದಲೇ ಹೊರಟು ಹೋಗಿರುತ್ತದೆ. ದಾರಿಯನ್ನು ಓಡಿ ದಾಟಿದವನಿಗೆ ಇದು ತಿಳಿಯುವ ಬಗೆ ಹೇಗೆ?

ಎಲೆಗಳ ತುದಿಯನ್ನು ನೋಡು ಎಂದೆ. ಹಲವು ಎಲೆಗಳ ತುದಿ ಸೂಜಿಯಂತೆ ಉದ್ದಕ್ಕೆ ಚಾಚಿರುತ್ತದೆ. ಮಳೆನೀರು ಎಲೆಯ ಮೇಲೆ ನಿಲ್ಲದೆ ಜಾರಿ ತೊಟ್ಟಿಕ್ಕಲೆಂದು. ಎಳೆಯ ಎಲೆಗಳು ಕೆಂಪಾಗಿ ಜೋತುಬಿದ್ದಿದ್ದವು. ಒಂದು ಉಂಬಳ ಅಳಿಯನ ಕಾಲುಚೀಲದೊಳಗೆ ಸೇರಿಕೊಂಡದ್ದು ಕಾರು ಹತ್ತಿದ ಮೇಲಷ್ಟೇ ಗೊತ್ತಾಯಿತು. ಕಚ್ಚಿದ್ದು ತಿಳಿಯದು, ರಕ್ತ ನಿಲ್ಲದು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ. ಅಳಿಯ ಬೆಂಗಳೂರಿನವನು, ಪಾಪ, ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದ.

ಇದೇ ರಸ್ತೆಯಲ್ಲಿ ಕದಂಬಿ ಎಂಬ ಇನ್ನೊಂದು ಜಲಪಾತವಿದೆ. ಅದು ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಒಂದು ಹೆಜ್ಜೆಯೂ ನಡೆಯಬೇಕಿಲ್ಲ. ಚೆಲುವಿನಲ್ಲಿ ಅದೇನೂ ಕಡಿಮೆಯದಲ್ಲ. ಆದರೆ ಅಲ್ಲಿ ನಾವಿದ್ದಷ್ಟು ಹೊತ್ತಿನಲ್ಲಿ ಬಂದುಹೋದ ವಾಹನಗಳನ್ನು ಗಮನಿಸಿದೆ. ಕಿಟಕಿ ಇಳಿಯುತ್ತದೆ, ಒಂದು ಕೈ ಮೊಬೈಲು ಹಿಡಿದು ಹೊರಬರುತ್ತದೆ, ಕಿಟಕಿ ಏರುತ್ತದೆ. ಒಂದು ಕುಟುಂಬದ ಮಗುವಂತೂ ನಿದ್ದೆಯಿಂದ ಏಳಲೇ ಇಲ್ಲ. ಚಿತ್ರದಲ್ಲಿ ತೋರಿಸಿದರಾಯಿತೆಂದು ತಾಯಿ ಹೇಳಿದ್ದು ನನಗೆ ಕೇಳಿಸಿತು. ನಡಿಗೆಯಿಲ್ಲದ ಅಬ್ಬಿಗೂ ನಡೆದು ಸೇರುವ ಅಬ್ಬಿಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದರೆ ಒಂದೇ ದಿನ ಇವೆರಡನ್ನೂ ನೋಡಬೇಕು.

ಈಗ ೧೯೯೪ಕ್ಕೆ ಬರುತ್ತೇನೆ.

ಶಿಕ್ಷಕರ ದಿನಾಚರಣೆಯ ಮರುವಾರ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ಆರಕ್ಕೇ ಹೊರಟಿದ್ದೆವು. ನಾನು ಕನ್ನಡ ಮತ್ತು ಸಮಾಜಶಾಸ್ತ್ರದ ಮೇಷ್ಟ್ರು, ವಯಸ್ಸು ಮೂವತ್ತಾರು, ಶಿಸ್ತಿನ ಮನುಷ್ಯನೆಂದು ಹೆಸರು ಗಳಿಸಿದ್ದೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. ಪ್ರವಾಸದ ಮುಖ್ಯ ಉದ್ದೇಶ ಕಬ್ಬಿಣದ ಅದಿರು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ೧೯೭೬ರಲ್ಲಿ ಸ್ಥಾಪನೆಯಾದದ್ದು, ಅದಿರಿನ ಕೆಸರು ೬೭ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಯುವುದು, ಗಣಿಯ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು, ಇವೆಲ್ಲ ಪರೀಕ್ಷೆಗೆ ಬರುವ ವಿಷಯಗಳು. ಹನುಮನಗುಂಡಿ ದಾರಿಯಲ್ಲಿ ಸಿಗುತ್ತದೆಂದು ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಅರ್ಧ ಗಂಟೆಯಲ್ಲಿ ಐವತ್ತಾರು ಮಕ್ಕಳು ಇಳಿಯಬೇಕು, ನೋಡಬೇಕು, ಹತ್ತಬೇಕು.

ಆಗ ಆ ದಾರಿ ಹೇಗಿತ್ತೆಂದು ಮಗಳು ಕೇಳಿದಳು. ನನಗೆ ನೆನಪಿಲ್ಲ. ಮರೆವಿನಿಂದಲ್ಲ, ನಾನು ದಾರಿಯನ್ನು ನೋಡಿಯೇ ಇರಲಿಲ್ಲ. ತಲೆ ಎಣಿಸುತ್ತಿದ್ದೆ.

ಮೋಡ ಕವಿದಿತ್ತು, ಹನಿ ಉದುರುತ್ತಿತ್ತು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಇಳಿಯತೊಡಗಿದ್ದೆವಷ್ಟೇ, ಹಿಂದಿನಿಂದ ಸಿಳ್ಳೆ ಕೇಳಿಸಿತು. ಯಾವ ಹಾಡೂ ಅಲ್ಲದ, ರಾಗವೂ ಅಲ್ಲದ, ಉಡಾಫೆಯ ಸಿಳ್ಳೆ. ಹುಡುಗಿಯರು ಕಿಸಕ್ಕೆಂದರು. ತಿರುಗಿ ನೋಡಿದೆ, ನಿಂತಿತು. ಮುಂದೆ ನಡೆದೆ, ಮತ್ತೆ ಸಿಳ್ಳೆ. ಈ ಬಾರಿ ಇನ್ನೂ ಉದ್ದಕ್ಕೆ, ಗೇಲಿ ಮಾಡುವಂತೆ. ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ ತಲೆಯೆತ್ತಿ, ತುಟಿ ಸ್ವಲ್ಪ ತೆರೆದು, ಮರಗಳ ಕಡೆ ನೋಡುತ್ತಾ ನಿಂತಿದ್ದ. ಘಟ್ಟದ ಬುಡದ ಒಂದು ಹಳ್ಳಿಯಿಂದ ಗಂಟೆಗಟ್ಟಲೆ ನಡೆದು ಶಾಲೆಗೆ ಬರುತ್ತಿದ್ದವನು. ಗಣಿತದಲ್ಲಿ ಹಿಂದೆ, ಹಾಜರಿಯಲ್ಲಿ ಇನ್ನೂ ಹಿಂದೆ. ನನಗೆ ಅಷ್ಟು ಸಾಕಾಯಿತು. ಕಿವಿ ಹಿಂಡಿದೆ. "ನಾನಲ್ಲ ಸಾರ್, ಅದು ಹಕ್ಕಿ" ಎಂದ. ಇಡೀ ತರಗತಿ ಘೊಳ್ಳೆಂದು ನಕ್ಕಿತು. ಆ ನಗುವಿಗೆ ನನ್ನ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದ್ದಲ್ಲದೆ ಸುಳ್ಳು ಬೇರೆ ಹೇಳುತ್ತೀಯಾ ಎಂದು ಒಂದು ಏಟು ಕೊಟ್ಟು, ಬಸ್ಸಿಗೆ ಕಳಿಸಿದೆ. ಚಾಲಕನ ಪಕ್ಕದಲ್ಲಿ ಕೂತಿರಬೇಕು, ಕೆಳಗಿಳಿಯಕೂಡದು. ಅವನು ಅಳಲಿಲ್ಲ. ಮೇಲೆ ಹತ್ತುವಾಗಲೂ ಮರಗಳತ್ತ ಒಮ್ಮೆ ತಿರುಗಿ ನೋಡಿದ್ದು ಮಾತ್ರ ನನ್ನ ಕಣ್ಣಿನಲ್ಲಿ ಅಚ್ಚೊತ್ತಿದೆ. ಉಳಿದ ಐವತ್ತೈದು ಮಕ್ಕಳು ಜಲಪಾತ ನೋಡಿದರು, ಹತ್ತು ನಿಮಿಷ. ಸಿಳ್ಳೆ ಆಮೇಲೂ ಒಂದು ಸಲ ಕೇಳಿಸಿತೇ? ಕೇಳಿಸಿರಬೇಕು. ನಾನು ಕೇಳಿಸಿಕೊಳ್ಳಲಿಲ್ಲ.

ಇದನ್ನು ನಾನು ಮರೆತೇಬಿಟ್ಟಿದ್ದೆ. ನಿವೃತ್ತಿಯಾದ ಮರುವರ್ಷ, ೨೦೧೯ರಲ್ಲಿ, ಮಗಳು ಹಕ್ಕಿಗಳ ಪುಸ್ತಕವೊಂದನ್ನು ತಂದುಕೊಟ್ಟಳು. ಪುಟ ತಿರುಗಿಸುತ್ತಿದ್ದವನಿಗೆ ಮಲಬಾರ್ ವಿಸ್ಲಿಂಗ್ ಥ್ರಷ್ ಎಂಬ ಹಕ್ಕಿ ಎದುರಾಯಿತು. ಕನ್ನಡದಲ್ಲಿ ಸಿಳ್ಳಾರ ಎನ್ನುವ ಜಾತಿಯದು. ಮೈನಾಕ್ಕಿಂತ ತುಸು ದೊಡ್ಡದು, ಕಪ್ಪೆನಿಸುವ ಕಡುನೀಲಿ, ಹಣೆ ಮತ್ತು ಹೆಗಲಿನಲ್ಲಿ ಹೊಳೆಯುವ ನೀಲಿ ತೇಪೆ. ಪಶ್ಚಿಮಘಟ್ಟದ ಹಳ್ಳ, ಹೊಳೆ, ಜಲಪಾತಗಳ ಬಂಡೆಗಳ ಬಳಿ ವಾಸ, ಬಂಡೆಯ ಸಂದಿನಲ್ಲಿ ಗೂಡು. ಏಡಿ, ಬಸವನಹುಳು, ಕಪ್ಪೆ, ಕಾಡುಹಣ್ಣು ಆಹಾರ. ಮಳೆಗಾಲದಲ್ಲಿ, ಹೆಚ್ಚಾಗಿ ನಸುಕಿನಲ್ಲಿ, ಥೇಟು ಮನುಷ್ಯನಂತೆ ಸಿಳ್ಳೆ ಹಾಕುತ್ತದೆ. ಇಂಗ್ಲಿಷರು ಇದಕ್ಕೆ ಇಟ್ಟ ಅಡ್ಡಹೆಸರನ್ನು ಓದಿ ಪುಸ್ತಕವನ್ನು ಮಡಚಿಟ್ಟೆ. 'ಸಿಳ್ಳೆ ಹೊಡೆಯುವ ಶಾಲಾ ಹುಡುಗ' ಎಂದು ಅದರ ಹೆಸರು.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ನಾಟಕೀಯವಾದೀತು. ನಿದ್ದೆ ಬಂತು. ಆದರೆ ಬೆಳಿಗ್ಗೆ ಎದ್ದಾಗ ಮೊದಲು ನೆನಪಾದದ್ದು ಆ ಹುಡುಗನ ಮುಖ. ಐವತ್ತಾರು ಮಕ್ಕಳಲ್ಲಿ ಆ ದಿನ ಕಾಡನ್ನು ಕೇಳುತ್ತಿದ್ದವನು ಅವನೊಬ್ಬನೇ. ಅವನ ಮನೆಯ ಹಿಂದಿನ ಹಳ್ಳದಲ್ಲಿ ಆ ಹಕ್ಕಿ ಮಳೆಗಾಲವಿಡೀ ಕೂಗುತ್ತಿದ್ದಿರಬೇಕು. ನನಗೆ ಗೊತ್ತಿಲ್ಲದ್ದೊಂದು ಅವನಿಗೆ ಗೊತ್ತಿತ್ತು, ಅದನ್ನು ಮೂರೇ ಮಾತಿನಲ್ಲಿ ಹೇಳಿಯೂ ಬಿಟ್ಟ. ಯಾವ ಹಕ್ಕಿ, ಎಲ್ಲಿದೆ, ತೋರಿಸು ಎಂದು ನಾನು ಕೇಳಿದ್ದರೆ ಆ ದಿನ ಅವನು ಮೇಷ್ಟ್ರಾಗುತ್ತಿದ್ದ, ನಾನು ಐವತ್ತಾರನೆಯ ವಿದ್ಯಾರ್ಥಿಯಾಗುತ್ತಿದ್ದೆ. ಬಿ.ಎಡ್. ತರಬೇತಿಯಲ್ಲಿ ನಮಗೆ 'ತಿಳಿದದ್ದರಿಂದ ತಿಳಿಯದುದರ ಕಡೆಗೆ' ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸಿದ್ದರು. ಯಾರಿಗೆ ತಿಳಿದದ್ದು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾವು ಆ ದಿನ ಇಡೀ ಅಪರಾಹ್ನವನ್ನು ಮೀಸಲಿಟ್ಟ ಗಣಿ ಈಗಿಲ್ಲ. ಸುಪ್ರೀಂ ಕೋರ್ಟಿನ ೨೦೦೨ರ ಆದೇಶದಂತೆ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತಿತು. ಅರ್ಧ ಗಂಟೆ ಕೊಟ್ಟ ಕಾಡು ಇದೆ. ೧೯೮೩-೮೪ರಲ್ಲಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಅಧ್ಯಯನ ನಡೆಸಿದ್ದರು, ೧೯೮೭ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು, ೬೦೦ ಚದರ ಕಿಲೋಮೀಟರಿಗೆ ತುಸು ಹೆಚ್ಚಿನ ವಿಸ್ತಾರ. ೨೦೧೨ರಲ್ಲಿ ಪಶ್ಚಿಮಘಟ್ಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದರಲ್ಲಿ ಇದೂ ಸೇರಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲವಿರುವುದು ಇದೇ ಉದ್ಯಾನದಲ್ಲಿ. ೧೯೯೪ರಲ್ಲಿ ಇದು ರಾಷ್ಟ್ರೀಯ ಉದ್ಯಾನವೆಂಬುದು ನನಗೆ ತಿಳಿದಿತ್ತು, ಒಂದು ಅಂಕದ ಪ್ರಶ್ನೆಯಾಗಿ.

ಮೇಷ್ಟ್ರುಗಳ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ನಾವು ಹನುಮನಗುಂಡಿಯಿಂದ ಮರಳಿದ ಮರುತಿಂಗಳೇ ಮುರ್ಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಸುದ್ದಿ ಓದಿದಾಗ ಕೈ ನಡುಗಿತು. ಜಲಪಾತಗಳೂ ಅಷ್ಟೇ. ೨೦೨೩ರ ಜುಲೈಯಲ್ಲಿ ಕೊಲ್ಲೂರಿನ ಸಮೀಪದ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಕೊಚ್ಚಿಹೋದ ದೃಶ್ಯವನ್ನು ಎಷ್ಟೋ ಜನ ಮೊಬೈಲಿನಲ್ಲಿ ನೋಡಿದ್ದಾರೆ. ಐವತ್ತು ಮಕ್ಕಳ ಜೀವ ಹೊತ್ತ ಶಿಕ್ಷಕ ತಲೆ ಎಣಿಸದೆ ಇನ್ನೇನು ಮಾಡಬೇಕು? ಆದರೆ ಯೋಚಿಸಿ ನೋಡಿ, ಅಪಾಯವೆಲ್ಲ ಇರುವುದು ದಾರಿಯ ಕೊನೆಯ ನೀರಿನಲ್ಲಿ. ನಾವು ಮಕ್ಕಳನ್ನು ಓಡಿಸಿಕೊಂಡು ಹೋಗಿ ನಿಲ್ಲಿಸುವುದು ಅಲ್ಲಿಗೇ. ಬಹಳ ಹೊತ್ತು ಕಳೆಯಲು ಬಿಡಬಹುದಾದ ಸುರಕ್ಷಿತ ಜಾಗವಾದ ದಾರಿಯಲ್ಲಿ ಒಂದು ನಿಮಿಷವನ್ನೂ ಕೊಡುವುದಿಲ್ಲ. ಇದು ಯಾವ ಲೆಕ್ಕ?

ಆದ್ದರಿಂದ ಈಗಿನ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ. ಒಂದು ದಿನದಲ್ಲಿ ಏಳು ಸ್ಥಳ ನೋಡಿಸುವ ಪ್ರವಾಸಪಟ್ಟಿಯನ್ನು ಹರಿದುಹಾಕಿ. ಇಂಥ ಒಂದೇ ದಾರಿಗೆ ಅರ್ಧ ದಿನ ಕೊಡಿ. ಹತ್ತು ಹತ್ತು ಮಕ್ಕಳ ಗುಂಪು ಮಾಡಿ, ನಡುವೆ ಅಂತರ ಬಿಟ್ಟು ಇಳಿಸಿ. ಮುಂದಿನ ಸಾಲಿನಲ್ಲಿ ತರಗತಿಯ ಜಾಣರನ್ನೇ ನಿಲ್ಲಿಸಬೇಡಿ. ಕಾಡಿನ ಅಂಚಿನ ಮನೆಗಳಿಂದ ಬರುವ ಮಕ್ಕಳಿದ್ದರೆ ಅವರನ್ನು ಕರೆಯಿರಿ. ಅರಣ್ಯ ಇಲಾಖೆಯ ಕಾವಲುಗಾರರಲ್ಲಿ ಸ್ಥಳೀಯರಿರುತ್ತಾರೆ. ಟಿಕೇಟು ಹರಿದುಕೊಡುವ ಕೆಲಸದಿಂದ ಅವರನ್ನು ಅರ್ಧ ಗಂಟೆ ಬಿಡಿಸಿ ಮಕ್ಕಳ ಜೊತೆ ನಡೆಯಲು ಹೇಳಿದರೆ ಅವರು ಕಲಿಸುವುದನ್ನು ನಾನು ಮೂವತ್ತೈದು ವರ್ಷಗಳಲ್ಲಿ ಕಲಿಸಲಾರದೆ ಹೋದೆ. ಐದು ನಿಮಿಷ ಎಲ್ಲರೂ ಮಾತಿಲ್ಲದೆ ನಿಂತು, ಕೇಳಿದ ಸದ್ದುಗಳನ್ನು ಬರೆಯಲಿ. ಅಂಕ ಕೊಡಬೇಡಿ, ದಯವಿಟ್ಟು.

ಇನ್ನು ಪ್ರವಾಸೋದ್ಯಮದವರ ಮಾತು. ಎತ್ತರ ಕಂಡಲ್ಲೆಲ್ಲ ಗಾಜಿನ ಸೇತುವೆ, ಕಣಿವೆ ಕಂಡಲ್ಲೆಲ್ಲ ತೂಗುತೊಟ್ಟಿಲು ಎನ್ನುವುದು ಈಚಿನ ಗೀಳು. ಹನುಮನಗುಂಡಿಯ ಮೆಟ್ಟಿಲುಗಳು ಇರಲಿ. ಅವಿಲ್ಲದಿದ್ದರೆ ನಾನು ಇಳಿಯುತ್ತಿರಲಿಲ್ಲ. ಜಾರುವಲ್ಲಿ ಕೈಪಿಡಿಯೂ ಬೇಕು. ಜನ ಮಣ್ಣನ್ನು ತುಳಿದು ಹತ್ತು ಅಡ್ಡದಾರಿ ಮಾಡದಂತೆ ಮೆಟ್ಟಿಲುಗಳು ತಡೆಯುತ್ತವೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅಲ್ಲಿಗೆ ನಿಲ್ಲಲಿ. ದಾರಿಯ ಎರಡೂ ಕಡೆ ಅಂಗಡಿ, ದೀಪ, ಧ್ವನಿವರ್ಧಕ, ಬಣ್ಣ ಬಳಿದ ಸಿಮೆಂಟಿನ ಹುಲಿ ಬೇಡ. ಜನರ ಸಂಖ್ಯೆಗೂ ಒಂದು ಮಿತಿಯಿರಲಿ. ಕುಮಾರಪರ್ವತದಲ್ಲಿ ೨೦೨೪ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಮ್ಮೆಗೇ ಮುಗಿಬಿದ್ದ ಬಳಿಕವಷ್ಟೇ ಸರ್ಕಾರ ಎಚ್ಚೆತ್ತು ಚಾರಣಕ್ಕೆ ಮುಂಗಡ ನೋಂದಣಿಯ ಮಾತೆತ್ತಿತು. ಚಾರಣಕ್ಕೆ ಸಲ್ಲುವ ನಿಯಮ ಇಂಥ ಕಿರುದಾರಿಗೂ ಸಲ್ಲಬೇಕು. ಕಾಲು ಗಂಟೆಯ ದಾರಿಯಾದ್ದರಿಂದಲೇ ಇಲ್ಲಿ ಯಾರಿಗೂ ಹಿಂಜರಿಕೆಯಿಲ್ಲ, ಭಾನುವಾರ ನೂಕುನುಗ್ಗಲು. "ಹಿರಿಯರು, ಅಶಕ್ತರು ನೋಡುವುದು ಹೇಗೆ?" ಎಂದು ಕೇಳುವವರಿಗೆ ಹಿರಿಯನಾಗಿಯೇ ಉತ್ತರಿಸುತ್ತೇನೆ. ನನಗೆ ಇಳಿಯಲಾಗದ ದಿನ ಬಂದರೆ ಮೇಲೆ ಮರದಡಿ ಕೂತು ಸದ್ದು ಕೇಳಿ ಬರುತ್ತೇನೆ. ನನ್ನ ಅನುಕೂಲಕ್ಕಾಗಿ ಆ ದಾರಿಯ ಒಂದು ಮರವೂ ಹೋಗಬೇಕಿಲ್ಲ. ಕದಂಬಿಯಂತೂ ರಸ್ತೆಯ ಬದಿಯಲ್ಲೇ ಇದೆಯಲ್ಲ.

ನಾವು ಕೆಳಗೆ ತಲುಪಿದಾಗ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಚೆನ್ನಾಗಿತ್ತು. ಅದರ ವರ್ಣನೆ ಮಾಡಲಾರೆ, ಜಲಪಾತದ ವರ್ಣನೆಗಳನ್ನು ಮಕ್ಕಳ ಪ್ರಬಂಧಗಳಲ್ಲಿ ತಿದ್ದಿ ತಿದ್ದಿ ಸುಸ್ತಾಗಿದೆ. ಎಲ್ಲರೂ ಹಾಲಿನ ನೊರೆಯನ್ನೇ ತರುತ್ತಾರೆ. ಹತ್ತುವುದು ಇಳಿದದ್ದಕ್ಕಿಂತ ನಿಧಾನವಾಯಿತು. ಹತ್ತು ಮೆಟ್ಟಿಲಿಗೊಮ್ಮೆ ನಾನು ನಿಲ್ಲಬೇಕಾಗಿತ್ತು, ನಿಂತಲ್ಲೆಲ್ಲ ಮೊಮ್ಮಗಳಿಗೆ ಏನಾದರೂ ಸಿಗುತ್ತಿತ್ತು. ಅವಳಿಗೆ ದಾರಿಯಲ್ಲೇ ಆ ಹುಡುಗನ ಕಥೆ ಹೇಳಿದ್ದೆ, ಏಟು ಕೊಟ್ಟದ್ದನ್ನೂ ಬಿಡದೆ. ಅವಳು ಬಹಳ ಹೊತ್ತು ಮಾತಾಡಿರಲಿಲ್ಲ. ಹಳ್ಳ ಹತ್ತಿರ ಬರುವ ಒಂದು ತಿರುವಿನಲ್ಲಿ, ಒದ್ದೆ ಬಂಡೆಯ ಮೇಲೆ ಕಪ್ಪು ಹಕ್ಕಿಯೊಂದು ಬಾಲ ಬಿಚ್ಚಿ ಮುಚ್ಚಿ ಮಾಡುತ್ತಿತ್ತು. ಬಿಸಿಲಿಗೆ ಹೆಗಲು ನೀಲಿಯಾಗಿ ಮಿನುಗಿತು. "ಇದೇನಾ ಅಜ್ಜ, ಆ ಹುಡುಗ?" ಎಂದು ಪಿಸುಗುಟ್ಟಿದಳು. ಸಿಳ್ಳೆಗಾಗಿ ಕಾದೆವು. ಚಳಿಗಾಲದಲ್ಲಿ ಅದು ಹಾಡುವುದು ಅಪರೂಪ. ಕ್ರೀ ಎಂದು ಒಮ್ಮೆ ಕಿರುಚಿ ಹಳ್ಳದ ಗುಂಟ ಹಾರಿಹೋಯಿತು.

ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಲಿಲ್ಲ. ಪುಣೆಯ ಹೋಟೆ‌ಲೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದ್ದೆ. ಈಗ ಅವನಿಗೂ ನಲವತ್ತೈದು ದಾಟಿರಬೇಕು, ಮಕ್ಕಳಿರಬಹುದು. ಅವನ ಸಹಪಾಠಿಯೊಬ್ಬನಿಂದ ದೂರವಾಣಿ ಸಂಖ್ಯೆ ಸಿಕ್ಕಿ ಕೆಲವು ತಿಂಗಳುಗಳಾದವು. ಊರಿನಿಂದ ಮಾತಾಡುವಾಗಲೆಲ್ಲ ಮೊಮ್ಮಗಳು, "ಅಜ್ಜ, ಅವರಿಗೆ ಫೋನ್ ಮಾಡಿದಿರಾ?" ಎಂದು ಕೇಳುತ್ತಾಳೆ. ಇನ್ನೂ ಮಾಡಿಲ್ಲ. ಎರಡು ಸಲ ಅಂಕಿಗಳನ್ನು ಒತ್ತಿ, ಕೊನೆಯದನ್ನು ಒತ್ತದೆ ಇಟ್ಟುಬಿಟ್ಟಿದ್ದೇನೆ. ಹೋಟೆಲಿನವರಿಗೆ ಮಧ್ಯಾಹ್ನ ಮೂರರ ನಂತರ ಸ್ವಲ್ಪ ಬಿಡುವಿರುತ್ತದಂತೆ.